ಬೈಕ್ ಸಾಮಾನು ಆನ್‌ಲೈನ್‌ನಲ್ಲಿ ತರಿಸುವುದು, ಒಡೆದು ಬಂದರೆ ವಾಪಸ್ ಕಳಿಸುವುದು: ಕಲಬುರಗಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಬೈಕಿನ ಹೆಡ್‌ಲೈಟ್ ಡೂಮ್‌ನ (ಗಾಜು ಕೂರಿಸಿದ ಮುಂದಿನ ಕವಚ) ಹಿಂದೆ ಬೋಲ್ಟ್ ಕೂರಲು ಸಣ್ಣ ಪ್ಲಾಸ್ಟಿಕ್ ಕಿವಿಗಳಿರುತ್ತವೆ. ನಾನು ತರಿಸಿದ ಡೂಮ್‌ನಲ್ಲಿ ಎಡಗಡೆಯ ಕಿವಿ ಬುಡದಲ್ಲೇ ಸೀಳಿತ್ತು. ಮುಂದಿನಿಂದ ನೋಡಿದರೆ ಗಾಜು ಫಳಫಳ, ಒಂದು ಗೀರೂ ಇಲ್ಲ. ಖುಷಿಯಲ್ಲಿ ಡಬ್ಬಿ ಹರಿದು ಬಿಸಾಕಿ ಸೀದಾ ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಕಾಕಾ ಬೋಲ್ಟ್ ತಿರುವಿದ್ದೇ ತಡ, ಕಿವಿ ಕಿತ್ತು ಕೈಗೆ ಬಂತು. ಮಾರಾಟಗಾರರಿಗೆ ಫೋನ್ ಮಾಡಿದರೆ ಒಂದೇ ಮಾತು: ‘ನೀವು ಫಿಟ್ ಮಾಡಿದ್ದೀರಿ, ವಾಪಸ್ ತಗೊಳ್ಳಲ್ಲ.’ 1,400 ರೂಪಾಯಿ ಹೋಯಿತು.

ಕಾಕಾ ಅವತ್ತು ಹೇಳಿದ ಮಾತು ಇನ್ನೂ ನೆನಪಿದೆ. ‘ತಮ್ಮಾ, ಪಾನಾ ಹಚ್ಚಕ್ಕಿಂತ ಮೊದ್ಲೇ ಎಲ್ಲಾ ನೋಡ್ಬೇಕು. ಒಮ್ಮಿ ಹಚ್ಚಿದ್ರ ಸಾಮಾನು ನಿಂದೇ ಆತು ನೋಡು.’

ಪಾನಾ ಅಂದರೆ ಬೋಲ್ಟ್ ತಿರುವುವ ಸ್ಪ್ಯಾನರ್. ಆ ಮಾತನ್ನೇ ಹಿಡಿದು ಇದನ್ನು ಬರೆದಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಗಾಡಿ ಓಡಿಸುವವರಿಗೆ ಇದು ಜಾಸ್ತಿ ಬೇಕು. ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಧೂಳಿಗೆ ಚೈನ್ ಬೇಗ ಸವೆಯುತ್ತದೆ. ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬೆಂಗಳೂರು ಕಲಬುರಗಿಯಿಂದ ಸುಮಾರು 600 ಕಿ.ಮೀ. ದೂರ. ಪಾರ್ಸೆಲ್ ನಾಲ್ಕಾರು ಕಡೆ ಇಳಿದು ಹತ್ತಿ ನಮ್ಮ ಮನೆ ಸೇರುತ್ತದೆ. ಏನಾದರೂ ತಪ್ಪಿದರೆ ಹೋಗಿ ಕೇಳೋಣ ಅಂದರೆ ಅಂಗಡಿ ದೆಹಲಿಯಲ್ಲೋ ಮತ್ತೆಲ್ಲೋ ಇರುತ್ತದೆ.

ಎಲ್ಲವನ್ನೂ ತರಿಸಬೇಡಿ

ಊರಲ್ಲಿ ಸಿಗುವ ಸಾಮಾನನ್ನು ಊರಲ್ಲೇ ಕೊಳ್ಳಿ. ಸ್ಪ್ಲೆಂಡರ್‌ನ ಬ್ರೇಕ್ ಶೂ, ಕ್ಲಚ್ ಕೇಬಲ್, ಪ್ಲಗ್, ಏರ್ ಫಿಲ್ಟರ್ ಇವೆಲ್ಲ ಸುರಪುರದಲ್ಲೂ ಸಿಗುತ್ತವೆ, ಹುಮನಾಬಾದಿನಲ್ಲೂ ಸಿಗುತ್ತವೆ. ಮೂವತ್ತು ನಲವತ್ತು ರೂಪಾಯಿ ಉಳಿಸಲು ಒಂದು ವಾರ ಕಾಯುವುದರಲ್ಲಿ ಅರ್ಥವಿಲ್ಲ. ಸರಿ ಕೂರದಿದ್ದರೆ ಅಂಗಡಿಯವರು ಅಲ್ಲೇ ಬದಲಿಸಿ ಕೊಡುತ್ತಾರೆ. ಆ ಅನುಕೂಲಕ್ಕೆ ನಾನು ಬೆಲೆ ಕಟ್ಟುತ್ತೇನೆ.

ಬ್ಯಾಟರಿಯನ್ನಂತೂ ಊರಲ್ಲೇ ತಗೊಳ್ಳಿ. ವಾರಂಟಿ ಕಾರ್ಡ್‌ಗೆ ಸೀಲ್ ಹಾಕಿಸಿಕೊಳ್ಳಬಹುದು, ಹಳೆ ಬ್ಯಾಟರಿಗೆ ಇಷ್ಟು ಅಂತ ದುಡ್ಡು ಕಡಿಮೆ ಮಾಡಿಸಬಹುದು. ಟೈರ್ ಕೂಡ ಕಣ್ಣಾರೆ ನೋಡಿ ಕೊಳ್ಳುವುದು ಒಳ್ಳೆಯದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2324 ಅಂತಿದ್ದರೆ 2024ರ 23ನೇ ವಾರದಲ್ಲಿ ತಯಾರಾಗಿದ್ದು ಅಂತ ಅರ್ಥ. ಅಂಗಡಿಯಲ್ಲಿ ಇದನ್ನು ಓದಿ ‘ಬೇರೆ ಕೊಡ್ರಿ’ ಅನ್ನಬಹುದು. ಆನ್‌ಲೈನ್‌ನಲ್ಲಿ ಯಾವ ವಾರದ್ದು ಬರುತ್ತದೋ ಅದೇ ಗತಿ.

ಹಾಗಾದರೆ ತರಿಸಬೇಕಾದ್ದು ಯಾವುದು? ತಯಾರಿಕೆ ನಿಂತ ಗಾಡಿಗಳ ಸಾಮಾನು. ಯಮಹಾ ಆರ್‌ಎಕ್ಸ್ 100 ನಿಂತಿದ್ದು 1996ರಲ್ಲಿ. ಅದನ್ನು ಇವತ್ತಿಗೂ ಜೋಪಾನ ಮಾಡಿಕೊಂಡವರು ಕಲಬುರಗಿಯಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ಆನ್‌ಲೈನ್ ಬಿಟ್ಟರೆ ಬೇರೆ ದಾರಿ ಕಡಿಮೆ. ಹಾಗೆಯೇ ಇಲ್ಲಿನ ಅಂಗಡಿಯಲ್ಲಿ ‘ಆರ್ಡರ್ ಹಾಕಿ ತರಿಸ್ಬೇಕು’ ಅನ್ನುವ ಸಾಮಾನು, ಅಥವಾ ನಿಮಗೆ ಇಂಥದ್ದೇ ಕಂಪನಿಯ ಚೈನ್ ಸೆಟ್ ಬೇಕು ಅಂತಿದ್ದರೆ ಅದು.

ಸರಿಯಾದ ಪಾರ್ಟ್ ಹುಡುಕುವುದು

ವಾಪಸ್ ಹೋಗುವ ಸಾಮಾನಿನಲ್ಲಿ ಒಡೆದದ್ದಕ್ಕಿಂತ ತಪ್ಪು ಸಾಮಾನೇ ಜಾಸ್ತಿ ಅಂತ ನನ್ನ ಅನುಭವ. ಆರ್ಡರ್ ಮಾಡುವ ಮೊದಲು ಆರ್‌ಸಿ (ಗಾಡಿಯ ನೋಂದಣಿ ಪತ್ರ) ತೆಗೆದು ಎದುರಿಗಿಡಿ. ಅದರಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತದೆ. ನೀವು ಕೊಂಡ ವರ್ಷ ಬೇರೆ, ತಯಾರಾದ ವರ್ಷ ಬೇರೆ. ಬೇಕಾಗಿರುವುದು ತಯಾರಾದದ್ದು.

ಎರಡು ದಿನಾಂಕ ನೆನಪಿಡಿ. ಗಾಡಿಯ ಹೊಗೆ ಎಷ್ಟಿರಬೇಕು ಅನ್ನುವ ಸರ್ಕಾರದ ನಿಯಮಗಳಲ್ಲಿ 2017ರ ಏಪ್ರಿಲ್ 1ರಿಂದ ಬಿಎಸ್4 ಬಂತು, 2020ರ ಏಪ್ರಿಲ್ 1ರಿಂದ ಬಿಎಸ್6. ಬಿಎಸ್6 ಬಂದಾಗ ಸ್ಪ್ಲೆಂಡರ್ ಪ್ಲಸ್, ಪಲ್ಸರ್ 150 ಥರದ ಗಾಡಿಗಳಲ್ಲೇ ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ವೈರಿಂಗ್ ಬದಲಾಯಿತು, ಸೈಲೆನ್ಸರ್ ಬದಲಾಯಿತು. ಹೆಸರು ಮಾತ್ರ ಹಳೆಯದೇ ಉಳಿಯಿತು. ಅದಕ್ಕೇ ಬರೀ ಗಾಡಿ ಹೆಸರು ನೋಡಿ ತರಿಸಿದರೆ ಮೋಸ ಹೋಗುತ್ತೀರಿ. ಒಂದೇ ಹೆಸರಿನ ಗಾಡಿಯಲ್ಲೇ ಡ್ರಮ್ ಬೇರೆ, ಡಿಸ್ಕ್ ಬೇರೆ. ಸ್ಪೋಕ್ ಬೇರೆ, ಅಲಾಯ್ ಬೇರೆ. ಕಿಕ್ ಬೇರೆ, ಸೆಲ್ಫ್ ಬೇರೆ.

ಆಮೇಲೆ ಹಳೆ ಪಾರ್ಟ್ ಬಿಚ್ಚಿ ನೋಡಿ. ಅದರ ಮೇಲೋ ಹಳೆ ಡಬ್ಬಿಯ ಮೇಲೋ ಪಾರ್ಟ್ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಸಿಗದಿದ್ದರೆ ಕಂಪನಿ ಸರ್ವಿಸ್ ಸೆಂಟರ್‌ನ ಪಾರ್ಟ್ಸ್ ಕೌಂಟರ್‌ಗೆ ಹೋಗಿ ಆರ್‌ಸಿ ತೋರಿಸಿ ಕೇಳಿ. ಚಾಸಿ ನಂಬರ್ ಹಾಕಿ ನೋಡಿ ಹೇಳುವವರು ಇದ್ದಾರೆ. ಆ ನಂಬರನ್ನೇ ಹುಡುಕುವ ಜಾಗದಲ್ಲಿ ಟೈಪ್ ಮಾಡಿ. ಗಾಡಿ ಹೆಸರಿಗಿಂತ ಅದು ಸಾವಿರ ಪಾಲು ವಾಸಿ.

ಚೈನ್ ಸೆಟ್‌ನಲ್ಲಿ ಮೂರು ಲೆಕ್ಕ ನೋಡಬೇಕು. ಚೈನಿನ ಪಟ್ಟಿಯ ಮೇಲೆ 428 ಅಥವಾ 520 ಅಂತ ಒತ್ತಿರುತ್ತದೆ. 428 ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ. 520ರಲ್ಲಿ ಅದು 15.875 ಮಿ.ಮೀ. ಒಂದರ ಚೈನ್ ಇನ್ನೊಂದರ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಮೇಲೆ ಓಡುವುದಿಲ್ಲ. ಎರಡನೆಯದು ಕೊಂಡಿಗಳ ಲೆಕ್ಕ. ಮೂರನೆಯದು ಹಲ್ಲುಗಳ ಲೆಕ್ಕ, ಮುಂದಿನ ಸಣ್ಣ ಸ್ಪ್ರಾಕೆಟ್‌ದೂ ಹಿಂದಿನ ದೊಡ್ಡದರದೂ. ಒಂದು ಹಲ್ಲಿಗೆ ಚಾಕ್‌ಪೀಸ್‌ನಿಂದ ಗುರುತು ಹಾಕಿ ಎಣಿಸಿ, ಇಲ್ಲದಿದ್ದರೆ ನಡುವೆ ಲೆಕ್ಕ ತಪ್ಪುತ್ತದೆ.

ಹೆಡ್‌ಲೈಟ್ ಬಲ್ಬ್‌ನಲ್ಲಿ ಇನ್ನೊಂದು ತೊಡಕಿದೆ. ಎಚ್‌ಎಸ್1 ಬಲ್ಬ್ 35/35 ವ್ಯಾಟ್, ಎಚ್4 ಬಲ್ಬ್ 60/55 ವ್ಯಾಟ್. ನೋಡಲು ಹೆಚ್ಚುಕಡಿಮೆ ಒಂದೇ ಥರ. ‘ಬೆಳಕು ಜಾಸ್ತಿ’ ಅಂತ ಎಚ್‌ಎಸ್1 ಜಾಗದಲ್ಲಿ ಎಚ್4 ಹಾಕಿದರೆ ಹೋಲ್ಡರ್, ರಿಫ್ಲೆಕ್ಟರ್ ಬಿಸಿಯಾಗಿ ಸುಡುತ್ತವೆ. ಮೊದಲೇ ನಮ್ಮದು ಬಿಸಿಲ ನಾಡು, ಅಲ್ವಾ?

ದುಡ್ಡು ಕೊಡುವ ಮೊದಲು

ಮಾರಾಟದ ಪುಟವನ್ನು ಪೂರ್ತಿ ಓದಿ. ಮಾರುವವರ ಹೆಸರು, ವಿಳಾಸ, ಎಂಆರ್‌ಪಿ, ಯಾವ ದೇಶದಲ್ಲಿ ತಯಾರಾದದ್ದು, ಇಷ್ಟೂ ಅಲ್ಲಿ ಇರಲೇಬೇಕು. ಹೆಸರಿರುವ ಕಂಪನಿಯ ಸಾಮಾನು ಎಂಆರ್‌ಪಿಯ ಅರ್ಧಕ್ಕಿಂತ ಕಡಿಮೆಗೆ ಕಂಡರೆ ನಾನು ಮುಟ್ಟುವುದಿಲ್ಲ. ಬ್ರೇಕ್ ಪ್ಯಾಡ್, ಚೈನ್, ಬೇರಿಂಗ್‌ನಲ್ಲಂತೂ ಡುಪ್ಲಿಕೇಟ್ ಅಂದರೆ ಜೀವದ ಪ್ರಶ್ನೆ.

ವಾಪಸಾತಿ ನಿಯಮದಲ್ಲಿ ಮೂರು ಸಂಗತಿ ಹುಡುಕಿ. ಎಷ್ಟು ದಿನದೊಳಗೆ ಹೇಳಬೇಕು? ಹಣ ವಾಪಸ್ ಕೊಡುತ್ತಾರೋ, ಬರೀ ಬೇರೆ ಸಾಮಾನು ಕೊಡುತ್ತಾರೋ? ಎಲೆಕ್ಟ್ರಿಕಲ್ ಸಾಮಾನಿಗೆ ವಾಪಸಾತಿ ಇದೆಯೋ ಇಲ್ಲವೋ? ಪ್ಲಗ್‌ಗೆ ಕಿಡಿ ಕೊಡುವ ಸಿಡಿಐ, ಕಾಯಿಲ್, ಹಾಗೆಯೇ ಮೀಟರ್ ಇವನ್ನು ವಾಪಸ್ ತಗೊಳ್ಳುವುದಿಲ್ಲ ಅಂತ ಹಲವರು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ನಮ್ಮ ಕಡೆಯವರು ನೋಡಲೇಬೇಕಾದ್ದು ಇನ್ನೊಂದಿದೆ. 585ರಿಂದ ಶುರುವಾಗುವ ನಿಮ್ಮ ಪಿನ್‌ಕೋಡ್‌ಗೆ ಪಾರ್ಸೆಲ್ ತಲುಪಿಸುತ್ತಾರೆ ಸರಿ, ವಾಪಸ್ ಒಯ್ಯಲು ಬರುತ್ತಾರಾ? ಊರ ಹೊರಗಿನ ಎಷ್ಟೋ ಹಳ್ಳಿಗಳಿಗೆ ತಂದುಕೊಡುತ್ತಾರೆ, ಒಯ್ಯುವುದಿಲ್ಲ. ಪಿಕಪ್ ಇಲ್ಲದಿದ್ದರೆ ಕಲಬುರಗಿಯಲ್ಲೋ ಬೀದರಿನಲ್ಲೋ ಇರುವ ನೆಂಟರ ವಿಳಾಸ ಕೊಡುವುದು ಒಳ್ಳೆಯದು. ವಿಳಾಸದಲ್ಲಿ ‘ಹನುಮಾನ್ ಗುಡಿ ಹಿಂದೆ’ ಅಂತ ಗುರುತನ್ನೂ ಬರೆಯಿರಿ.

ಆರ್ಡರ್ ಮಾಡುವಾಗ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ‘ಈ ಗಾಡಿಗೆ ಹೊಂದುತ್ತದೆ’ ಅನ್ನುವ ಸಾಲು ಅದರಲ್ಲಿ ಕಾಣಬೇಕು. ಆಮೇಲೆ ಆ ಸಾಲು ಬದಲಾದರೂ ನಿಮ್ಮ ಕೈಯಲ್ಲಿ ಸಾಕ್ಷಿ ಇರುತ್ತದೆ. ಬಿಲ್ ನಿಮ್ಮ ಹೆಸರಿಗೇ ಬರಲಿ. ಗ್ಯಾರೇಜಿನವರು ಮಾರಲು ತರಿಸಿದ ಸಾಮಾನಿಗೆ ಗ್ರಾಹಕ ಕಾನೂನಿನ ರಕ್ಷಣೆ ಸಿಗುವುದಿಲ್ಲ.

ಪಾರ್ಸೆಲ್ ಬಂದ ಹೊತ್ತು

ಇಲ್ಲಿ ಐದು ನಿಮಿಷ ನಿಧಾನ ಮಾಡಿ. ಪಾರ್ಸೆಲ್ ತಂದ ಹುಡುಗನಿಗೆ ಅವಸರ ಇರುತ್ತದೆ, ಪಾಪ, ಬಿಸಿಲಲ್ಲಿ ಇನ್ನೂ ಹತ್ತು ಮನೆ ತಿರುಗಬೇಕು. ‘ಅಣ್ಣಾ, ಎರಡು ನಿಮಿಷ ನಿಲ್ಲು, ನೀರು ಕುಡಿ’ ಅಂತ ಕೂರಿಸಿ. ಡಬ್ಬಿಯ ಆರೂ ಮಗ್ಗುಲು ನೋಡಿ. ಮೂಲೆ ಜಜ್ಜಿದೆಯಾ? ಟೇಪ್ ಮೇಲೆ ಟೇಪ್ ಬಿದ್ದಿದೆಯಾ? ಮಳೆಗಾಲದಲ್ಲಿ ರಟ್ಟು ಒದ್ದೆಯಾಗಿದೆಯಾ? ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನುತ್ತದಾ? ಇಂಜಿನ್ ಆಯಿಲ್ ಅಥವಾ ಫೋರ್ಕ್ (ಮುಂದಿನ ಶಾಕ್) ಆಯಿಲ್ ತರಿಸಿದ್ದರೆ ಮೂಸಿ ನೋಡಿ.

ಡಬ್ಬಿ ಕೆಟ್ಟಿದ್ದು ಕಂಡರೆ ಹುಡುಗ ಅಲ್ಲಿರುವಾಗಲೇ ಫೋಟೊ ತೆಗೆಯಿರಿ. ತೀರಾ ಜಜ್ಜಿದ್ದರೆ ತಗೊಳ್ಳಲೇಬೇಡಿ. ‘ಡಬ್ಬಿ ಒಡೆದಿದೆ, ಬೇಡ’ ಅಂದರೆ ಅದು ಬಂದ ದಾರಿಯಲ್ಲೇ ಹೋಗುತ್ತದೆ. ಇದೇ ಎಲ್ಲಕ್ಕಿಂತ ಸುಲಭದ ವಾಪಸಾತಿ. ನಿಮ್ಮ ಎದುರೇ ಡಬ್ಬಿ ತೆರೆದು ತೋರಿಸುವ ಡೆಲಿವರಿ ಇದ್ದರೆ ಸಾಮಾನು ನೋಡಿದ ಮೇಲೆಯೇ ಓಟಿಪಿ ಹೇಳಿ. ಓಟಿಪಿ ಕೊಟ್ಟರೆ ಸರಿಯಾಗಿ ಮುಟ್ಟಿತು ಅಂತ ಸಹಿ ಹಾಕಿದಂತೆ. ತೊಗರಿ ರಾಶಿಯ ದಿನಗಳಲ್ಲಿ ನೀವು ಹೊಲದಲ್ಲಿರುತ್ತೀರಿ, ಪಾರ್ಸೆಲ್ ಮನೆಗೆ ಬರುತ್ತದೆ. ಹಾಗಾಗಿ ಅವ್ವನಿಗೋ ತಂಗಿಗೋ ಇದನ್ನು ಮೊದಲೇ ಹೇಳಿಡಿ.

ಟ್ಯಾಂಕ್, ಸೀಟ್, ಅಲಾಯ್ ವೀಲ್ ಥರದ ದೊಡ್ಡ ಸಾಮಾನು ಲಾರಿ ಟ್ರಾನ್ಸ್‌ಪೋರ್ಟ್‌ನಲ್ಲಿ ಬಂದರೆ ಆಫೀಸಿಗೆ ಹೋಗಿ ಬಿಡಿಸಿಕೊಳ್ಳಬೇಕು. ಸಹಿ ಹಾಕುವ ಮೊದಲು ಎಲ್‌ಆರ್ (ಲಾರಿ ರಸೀದಿ) ಪ್ರತಿಯ ಮೇಲೆಯೇ ‘ಟ್ಯಾಂಕ್ ಬಲಗಡೆ ತಗ್ಗು ಬಿದ್ದಿದೆ’ ಅಂತ ಕೈಯಿಂದ ಬರೆಯಿರಿ, ಅದರ ಫೋಟೊ ತೆಗೆಯಿರಿ. ಲಾರಿಯವರಿಂದ ನಷ್ಟ ಕೇಳಬೇಕು ಅಂದರೆ 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಬುಕ್ ಆದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು. ಬಾಯಿಮಾತು ಲೆಕ್ಕಕ್ಕಿಲ್ಲ.

ಇನ್ನು ತೆರೆಯುವ ವಿಡಿಯೊ. ಒಬ್ಬರು ಮೊಬೈಲ್ ಹಿಡಿಯಲಿ, ಇನ್ನೊಬ್ಬರು ತೆರೆಯಲಿ. ಮೊದಲು ವಿಳಾಸದ ಚೀಟಿ ಓದುವಷ್ಟು ಹತ್ತಿರದಿಂದ ಕಾಣಬೇಕು. ಆಮೇಲೆ ಆರೂ ಮಗ್ಗುಲು. ಆಮೇಲೆ ಟೇಪ್ ಕತ್ತರಿಸುವುದು, ಒಳಗಿನ ಕಂಪನಿ ಡಬ್ಬಿ, ಅದರ ಮೇಲಿನ ಪಾರ್ಟ್ ನಂಬರ್, ಹೊಲೊಗ್ರಾಮ್, ಕೊನೆಗೆ ಸಾಮಾನು. ನಡುವೆ ಎಲ್ಲೂ ನಿಲ್ಲಿಸಬೇಡಿ, ಕತ್ತರಿಸಿ ಜೋಡಿಸಿದ ವಿಡಿಯೊ ಯಾರೂ ಒಪ್ಪುವುದಿಲ್ಲ. ಅಂಗಳದ ಬೆಳಕಿನಲ್ಲಿ ಮಾಡಿ. ಹೆಡ್‌ಲೈಟ್ ಕಳಕೊಂಡ ಮೇಲೆ ನಾನು ತರಿಸಿದ್ದು ಮುಂದಿನ ಮಡ್‌ಗಾರ್ಡ್. ಅದೂ ಬೋಲ್ಟ್ ತೂತಿನ ಹತ್ತಿರ ಬಿರುಕು ಬಿಟ್ಟೇ ಬಂತು. ಆದರೆ ಈ ಸಲ ಮೂರು ನಿಮಿಷದ ವಿಡಿಯೊ ಇತ್ತು. ಆರನೇ ದಿನಕ್ಕೆ ದುಡ್ಡು ಬಂತು.

ಸಾಮಾನನ್ನು ಪರೀಕ್ಷಿಸುವುದು

ಪ್ಲಾಸ್ಟಿಕ್ ಸಾಮಾನಿನಲ್ಲಿ ಮುಖ ನೋಡಬೇಡಿ, ಬೆನ್ನು ನೋಡಿ. ಕಿವಿಗಳು, ಲಾಕ್‌ಗಳು, ಬೋಲ್ಟ್ ತೂತಿನ ಸುತ್ತ ಬೆರಳಿನಿಂದ ಮೆಲ್ಲಗೆ ಒತ್ತಿ. ಬಿರುಕಿದ್ದರೆ ಬಿಳಿ ಗೆರೆ ಕಾಣುತ್ತದೆ. ಅವತ್ತು ನಾನು ಇಷ್ಟು ಮಾಡಿದ್ದರೆ ಸಾಕಿತ್ತು.

ಡಿಸ್ಕ್ ಪ್ಲೇಟನ್ನು ಕನ್ನಡಿಯ ಮೇಲೋ ದಪ್ಪ ಗಾಜಿನ ಮೇಲೋ ಮಲಗಿಸಿ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದರೆ ಸೊಟ್ಟಗಿದೆ ಅಂತ ಅರ್ಥ. ಮನೆಯ ಶಹಾಬಾದ್ ಫರಸಿ ಮೇಲಿಟ್ಟು ನೋಡಬೇಡಿ, ಅದರ ಮೈ ಅಷ್ಟು ಸಮ ಇರುವುದಿಲ್ಲ. ಒಳ್ಳೆಯ ಡಿಸ್ಕೂ ಅಲ್ಲಾಡುತ್ತದೆ. ಫೋರ್ಕ್ ಪೈಪನ್ನು ಅದೇ ಗಾಜಿನ ಮೇಲೆ ಉರುಳಿಸಿ ನೋಡಿ.

ಬೇರಿಂಗನ್ನು ಬೆರಳಿಗೆ ಹಾಕಿ ತಿರುಗಿಸಿ. ಗರಗರ ಸದ್ದು ಬಂದರೆ ಬೇಡ. ಚೈನಿನ ಮೇಲೆ ಕೆಂಪು ತುಕ್ಕಿದೆಯಾ ನೋಡಿ, ಆಷಾಢ ಶ್ರಾವಣದಲ್ಲಿ ಬಂದ ಪಾರ್ಸೆಲ್‌ನಲ್ಲಿ ಇದು ಮಾಮೂಲು. ಹಳೆ ಸ್ಪ್ರಾಕೆಟ್ ಮೇಲೆ ಹೊಸದನ್ನಿಟ್ಟು ಬೋಲ್ಟ್ ತೂತುಗಳು ಒಂದಕ್ಕೊಂದು ಕೂರುತ್ತವಾ ಅಂತ ಬೆಳಕಿಗೆ ಹಿಡಿದು ನೋಡಿ. ಟ್ಯಾಂಕಾದರೆ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ತುಕ್ಕು ನೋಡಿ. ಎಲೆಕ್ಟ್ರಿಕಲ್ ಸಾಮಾನನ್ನು ಮಾತ್ರ ಚುಚ್ಚಿ ನೋಡೋಣ ಅಂತ ಹೊರಡಬೇಡಿ. ಹಳೆಯದನ್ನು ಪಕ್ಕದಲ್ಲಿಟ್ಟು ಸಾಕೆಟ್‌ನ ಪಿನ್ ಎಣಿಸಿ, ವೈರಿನ ಬಣ್ಣ ಹೋಲಿಸಿ.

ಇಷ್ಟೆಲ್ಲ ಆದಮೇಲೆ ಮಿಸ್ತ್ರಿಗೆ ತೋರಿಸಿ. ಡಬ್ಬಿ, ಥರ್ಮೋಕೋಲ್, ಕವರ್ ಎಲ್ಲಾ ಜೋಪಾನ ಮಾಡಿ.

ವಾಪಸ್ ಕೇಳುವುದು

ತಪ್ಪು ಕಂಡ ದಿನವೇ ವಾಪಸಾತಿ ಕೋರಿಕೆ ಹಾಕಿ, ನಾಳೆ ಅನ್ನಬೇಡಿ. ಕಾರಣ ಆರಿಸುವಾಗ ಇದ್ದದ್ದನ್ನೇ ಆರಿಸಿ. ಒಡೆದು ಬಂದದ್ದಕ್ಕೆ ‘ಬೇಡ ಅನ್ನಿಸಿತು’ ಅಂತ ಒತ್ತಿದರೆ ಕಳಿಸುವ ಖರ್ಚು ನಿಮ್ಮ ತಲೆಗೇ ಬರಬಹುದು. ಫೋನಿನಲ್ಲಿ ಎಷ್ಟೇ ಮಾತಾಡಿದರೂ ಕೊನೆಗೆ ಬರಹದಲ್ಲಿ ಕಳಿಸಿ. ನಾನು ಬರೆಯುವುದು ಹೀಗೆ:

‘ನನ್ನ ಆರ್ಡರ್ ನಂಬರ್ ಇಂಥದ್ದು. ಇಂಥ ತಾರೀಕು ಪಾರ್ಸೆಲ್ ಬಂತು. ಮಡ್‌ಗಾರ್ಡ್‌ನ ಬಲಗಡೆಯ ಬೋಲ್ಟ್ ತೂತಿನ ಹತ್ತಿರ ಎರಡು ಇಂಚು ಬಿರುಕಿದೆ. ಗಾಡಿಗೆ ಹಾಕಿಲ್ಲ. ತೆರೆಯುವಾಗಿನ ವಿಡಿಯೊ, ನಾಲ್ಕು ಫೋಟೊ ಜೊತೆಗಿವೆ. ನನಗೆ ಪೂರ್ತಿ ಹಣ ವಾಪಸ್ ಬೇಕು. ದೂರಿನ ನಂಬರ್ ಕೊಡಿ.’

ಇಷ್ಟೇ ಸಾಕು. ಬೈಗುಳ ಬೇಡ, ಕಥೆ ಬೇಡ. ಏನು ಬೇಕು ಅನ್ನುವುದು ಮಾತ್ರ ಸ್ಪಷ್ಟ ಇರಲಿ.

ಪ್ಯಾಕ್ ಮಾಡುವಾಗ ಬಂದ ಡಬ್ಬಿಯಲ್ಲೇ ಇಡಿ, ಖಾಲಿ ಜಾಗಕ್ಕೆ ಪೇಪರ್ ತುಂಬಿ. ಅದನ್ನೂ ವಿಡಿಯೊ ಮಾಡಿ, ‘ಖಾಲಿ ಡಬ್ಬಿ ಬಂದಿದೆ’ ಅನ್ನುವ ಮಾತು ಬಂದರೆ ಇದೇ ಉತ್ತರ. ಒಯ್ಯಲು ಬಂದವರಿಂದ ರಸೀದಿ ಅಥವಾ ಮೆಸೇಜ್ ಬಾರದೆ ಸಾಮಾನು ಕೊಡಬೇಡಿ. ಪಿಕಪ್ ಇಲ್ಲದ ಊರಾದರೆ ‘ನೀವೇ ಕಳಿಸಿ’ ಅನ್ನುತ್ತಾರೆ. ಆಗ ಕಳಿಸುವ ಖರ್ಚು ಕೊಡುತ್ತೇವೆ ಅಂತ ಮೊದಲು ಬರೆಸಿಕೊಳ್ಳಿ, ಆಮೇಲೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ. ರಸೀದಿಯ ಮೇಲೆ ತೂಕ ಅಚ್ಚಾಗಿರುತ್ತದೆ, ಡಬ್ಬಿ ಖಾಲಿ ಇರಲಿಲ್ಲ ಅನ್ನಲು ಅದು ಒಳ್ಳೆ ಪುರಾವೆ.

ಹಣ ಬರುವ ತನಕ

‘ಹಣ ಕಳಿಸಿದ್ದೇವೆ’ ಅಂದರೂ ಖಾತೆಗೆ ಬಾರದಿದ್ದರೆ ಯುಟಿಆರ್ (ಹಣ ಕಳಿಸಿದ್ದರ ಗುರುತಿನ) ನಂಬರ್ ಕೇಳಿ. ಯುಪಿಐ ಆದರೆ ಅದು 12 ಅಂಕಿಯದ್ದು. ಅದನ್ನು ಹಿಡಿದು ಬ್ಯಾಂಕಿಗೆ ಹೋದರೆ ದುಡ್ಡು ಎಲ್ಲಿ ನಿಂತಿದೆ ಅಂತ ಹೇಳುತ್ತಾರೆ.

ಇದೇ ಹೊತ್ತಿನಲ್ಲಿ ಮೋಸಗಾರರು ಕಾದಿರುತ್ತಾರೆ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆರ್ಡರ್ ಮಾಡಿದ ಆ್ಯಪ್‌ನ ಒಳಗಿನಿಂದಲೇ ಸಂಪರ್ಕಿಸಿ. ಹಣ ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಕಾಗುವುದಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ಮೊಬೈಲ್ ಪರದೆ ಕಾಣುವಂಥ ಆ್ಯಪ್ ಹಾಕಿಸಿಕೊಳ್ಳಿ ಅಂದರೆ ಕೂಡಲೇ ಫೋನ್ ಇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅವರು ಕೇಳದಿದ್ದರೆ

2020ರ ಇ-ಕಾಮರ್ಸ್ ನಿಯಮಗಳು ನಮ್ಮ ಪರವಾಗಿವೆ. ಸಾಮಾನು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಪುಟದಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ವಾಪಸ್ ತಗೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ಪ್ರತಿ ಮಾರಾಟ ತಾಣಕ್ಕೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ಅವರು 48 ಗಂಟೆಯೊಳಗೆ ದೂರು ಮುಟ್ಟಿತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಅಧಿಕಾರಿಯ ಇಮೇಲ್ ತಾಣದಲ್ಲೇ ಇರುತ್ತದೆ. ಮೊದಲು ಅವರಿಗೆ ಬರೆಯಿರಿ.

ಆದರೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅವರು ಕೋರ್ಟ್ ಅಲ್ಲ, ಆದರೆ ಅವರಿಂದ ದೂರು ಹೋದರೆ ಕಂಪನಿಯವರು ಫೈಲ್ ತೆರೆದು ನೋಡುತ್ತಾರೆ.

ಕೊನೆಯದು ಜಿಲ್ಲಾ ಗ್ರಾಹಕರ ಆಯೋಗ. ಮಾರಿದವರು ದೆಹಲಿಯವರಾದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು ಅಂತ 2019ರ ಗ್ರಾಹಕ ರಕ್ಷಣಾ ಕಾಯ್ದೆ ಹೇಳುತ್ತದೆ. ಇದು ನಮ್ಮಂಥ ದೂರದ ಊರಿನವರಿಗೆ ದೊಡ್ಡ ಬಲ. ಸಾಮಾನಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕು ಅಂತಿಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ದೂರು ಹಾಕಲು ಎರಡು ವರ್ಷ ಕಾಲಾವಕಾಶ ಇದೆ. ಆದರೆ ಬಿಲ್ಲು, ಸ್ಪೀಡ್ ಪೋಸ್ಟ್ ರಸೀದಿ ಅಷ್ಟು ದಿನ ಬಾಳುವುದಿಲ್ಲ. ಆ ನುಣುಪು ಕಾಗದದ ಮೇಲಿನ ಅಕ್ಷರ ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಮಾಸಿ ಬೆಳ್ಳಗಾಗುತ್ತದೆ. ಕೈಗೆ ಬಂದ ದಿನವೇ ಫೋಟೊ ತೆಗೆದು ನಿಮ್ಮ ಇಮೇಲ್‌ಗೇ ಕಳಿಸಿಕೊಂಡಿಡಿ.